ಜೀರಿಗೆಯ ಜೊತೆ ಹೊರಡುವ ಮುನ್ನ

ನಮ್ಮ ನಾಯಿ ಜೀರಿಗೆಯ ಎಡಗಿವಿಯ ಮಡಿಕೆಯಲ್ಲಿ ರಕ್ತ ಕುಡಿದು ಹುರಿಗಡಲೆಯಷ್ಟು ಊದಿದ್ದ ಉಣ್ಣಿ ಕೈಗೆ ತಾಕಿದ್ದು, ನಾವು ತೀರ್ಥಹಳ್ಳಿ ಕಡೆಯಿಂದ ಬೆಂಗಳೂರಿಗೆ ವಾಪಸ್ಸಾಗಿ ಐದು ದಿನ ಕಳೆದ ಮೇಲೆ. ಅದನ್ನು ಕಿತ್ತು ಹಾಕಿ ಮರೆತೂ ಬಿಟ್ಟೆವು. ಹತ್ತು ದಿನಕ್ಕೆ ಊಟ ಬಿಟ್ಟಳು, ಮೆಟ್ಟಿಲು ಹತ್ತಲು ಮನಸ್ಸು ಮಾಡಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಪ್ಲೇಟ್ಲೆಟ್ ಕುಸಿದಿತ್ತು. ಉಣ್ಣಿ ಜ್ವರ. ನಾಲ್ಕು ವಾರ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಇಡ್ಲಿ ಚೂರಿನಲ್ಲಿ ಹುದುಗಿಸಿ ನುಂಗಿಸಿದ್ದಾಯಿತು. ಬಂದ ರಾತ್ರಿಯೇ ಮೈಮೇಲೆ ಕೈಯಾಡಿಸಿದ್ದರೆ ತಪ್ಪುತ್ತಿತ್ತೋ ಏನೋ. ಅಂದಿನಿಂದ ನಮ್ಮ ಮನೆಯಲ್ಲಿ ನಾಯಿ ಸಾಕಣೆ ಶುರುವಾಗುವುದು ಕೈಯಿಂದ. ಸುತ್ತಾಟ, ಪಾರ್ಕು, ಹೋಂಸ್ಟೇ ಎಲ್ಲ ಆಮೇಲೆ.

ಬೀದಿಯಿಂದ ಬಂದ ನಾಯಿಯಾಗಲಿ, ದುಡ್ಡು ಕೊಟ್ಟು ತಂದ ಲ್ಯಾಬ್ರಡಾರ್ ಆಗಲಿ, ಕೆಳಗಿನ ಕ್ರಮ ಎರಡಕ್ಕೂ ಹೊಂದುತ್ತದೆ.

ಸಂಜೆಯ ಐದು ನಿಮಿಷ

ದಿನಾ ಒಂದೇ ಹೊತ್ತಿಗೆ, ನಾಯಿ ಆಡಿ ದಣಿದು ಮಲಗಿದಾಗ ಪಕ್ಕ ಕೂತುಕೊಳ್ಳಿ. ಮೂಗಿನಿಂದ ಬಾಲದವರೆಗೆ ಕೂದಲಿಗೆ ಎದುರು ದಿಕ್ಕಿನಲ್ಲಿ ಬೆರಳಾಡಿಸಿ. ಕಿವಿಯ ಒಳಮಡಿಕೆ, ಕೊರಳಪಟ್ಟಿಯ ಅಡಿ, ಕಂಕುಳು, ತೊಡೆಯ ಸಂದು, ಬೆರಳುಗಳ ನಡುವೆ, ಬಾಲದ ಬುಡ: ಉಣ್ಣಿ ಅಡಗುವ ಜಾಗಗಳು ಇವೇ. ಕಿವಿಯನ್ನು ಮೂಸಿ ನೋಡಿ. ನಗಬೇಡಿ, ಹುಳಿ ವಾಸನೆ ಬಂದರೆ ಒಳಗೆ ಸೋಂಕು ಏಳುತ್ತಿದೆ ಎಂದರ್ಥ.

ಆಮೇಲೆ ತುಟಿ ಎತ್ತಿ ವಸಡು ನೋಡಿ. ಆರೋಗ್ಯವಂತ ನಾಯಿಯ ವಸಡು ತಿಳಿ ಗುಲಾಬಿ. ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಕೆಲವು ನಾಯಿಗಳ ವಸಡು ಹುಟ್ಟಿನಿಂದಲೇ ಕಪ್ಪು, ಅವುಗಳಲ್ಲಿ ಕೆಳಗಣ್ಣಿನ ರೆಪ್ಪೆ ಎಳೆದು ನೋಡಬಹುದು. ಇದನ್ನು ನಾಯಿ ಚೆನ್ನಾಗಿರುವಾಗಲೇ ರೂಢಿ ಮಾಡಿಕೊಳ್ಳಬೇಕು. ಸರಿಯಿದ್ದಾಗ ಹೇಗಿತ್ತೆಂದು ಗೊತ್ತಿಲ್ಲದವರಿಗೆ ಕೆಟ್ಟಾಗ ಏನು ಕೆಟ್ಟಿದೆ ಎಂದು ತಿಳಿಯುವುದಾದರೂ ಹೇಗೆ?

ಉಣ್ಣಿ ಕಂಡರೆ ಬೆಂಕಿಕಡ್ಡಿ, ಸೀಮೆಎಣ್ಣೆ, ಸುಣ್ಣ ಯಾವುದೂ ಬೇಡ. ನಮ್ಮ ಹಿರಿಯರು ಇದನ್ನೆಲ್ಲ ಮಾಡಿದ್ದಾರೆ, ಒಪ್ಪಿದೆ. ಆದರೆ ಕೆಣಕಿದ ಉಣ್ಣಿ ಹೊಟ್ಟೆಯಲ್ಲಿರುವುದನ್ನು ಗಾಯದೊಳಕ್ಕೇ ಕಕ್ಕಬಹುದು. ಕೈಗವಸು ಹಾಕಿಕೊಂಡು, ಚಿಮಟದಲ್ಲಿ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು, ತಿರುಚದೆ ನೇರ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಸ್ಪಿರಿಟ್ ಇರುವ ಶೀಶೆಗೆ ಹಾಕಿ ಮುಚ್ಚಿ. ಬರುವ ಮುಂಚೆಯೇ ತಡೆಯಲು ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ತಿನ್ನಿಸುವ ಮಾತ್ರೆಗಳಿವೆ. ತೂಕ ನೋಡಿ ಕೊಡಬೇಕಾದ್ದರಿಂದ ವೈದ್ಯರನ್ನೇ ಕೇಳಿ. ನಾಯಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ ಅದನ್ನು ಮೊದಲೇ ಹೇಳಿ.

ಲಸಿಕೆಯ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಗಳ ವಿರುದ್ಧದ ಲಸಿಕೆ ಮರಿಗೆ 6ರಿಂದ 8 ವಾರ ಆದಾಗ ಶುರುವಾಗಿ 16 ವಾರದವರೆಗೆ ಕಂತುಕಂತಾಗಿ ನಡೆಯುತ್ತದೆ. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ನಮ್ಮಲ್ಲಿ ಅದನ್ನು ಪ್ರತಿವರ್ಷ ಹಾಕಿಸುವುದು ವಾಡಿಕೆ. ಮಳೆನೀರು ನಿಲ್ಲುವ, ಇಲಿ ಓಡಾಡುವ ಕಡೆ ವಾಸವಿದ್ದರೆ ಇಲಿಜ್ವರದ ಲಸಿಕೆ ಬಿಡಬೇಡಿ. ಲಸಿಕೆ ಪುಸ್ತಕದ ಎಲ್ಲ ಪುಟಗಳ ಫೋಟೊ ತೆಗೆದು ಫೋನಿನಲ್ಲಿಟ್ಟುಕೊಳ್ಳಿ, ಬಹಳ ಕಡೆ ಬಾಗಿಲು ತೆರೆಯುವುದು ಅದನ್ನು ತೋರಿಸಿದ ಮೇಲೆಯೇ.

ತಟ್ಟೆಯಲ್ಲಿ ಏನಿರಬಾರದು

ಏನು ತಿನ್ನಿಸಬೇಕು ಎನ್ನುವುದಕ್ಕೆ ಮನೆಗೊಂದು ಶಾಸ್ತ್ರ. ನಮ್ಮಲ್ಲಿ ರಾಗಿ ಅಂಬಲಿ, ಬೆಂದ ಮೊಟ್ಟೆ, ಉಪ್ಪು ಮಸಾಲೆ ಹಾಕದೆ ಬೇಯಿಸಿದ ಕೋಳಿ, ಕುಂಬಳಕಾಯಿ, ಒಂದು ಹೊತ್ತು ಅಂಗಡಿಯ ಒಣ ಆಹಾರ. ಬರೀ ಮೊಸರನ್ನವನ್ನೇ ತಿಂದು ಬೆಳೆದ ನಾಯಿಗೆ ಪ್ರೋಟೀನ್ ಸಾಲದೆ ಹೋಗುತ್ತದೆ ಎಂಬುದೊಂದನ್ನು ನೆನಪಿಟ್ಟರೆ ಉಳಿದದ್ದು ನಿಮ್ಮಿಷ್ಟ.

ಏನು ತಿನ್ನಿಸಬಾರದು ಎಂಬುದರಲ್ಲಿ ಮಾತ್ರ ಇಷ್ಟಾನಿಷ್ಟಕ್ಕೆ ಜಾಗವಿಲ್ಲ. ಚಾಕೊಲೇಟ್ ಕೂಡದು ಎಂದು ಈಗ ಬಹಳ ಜನಕ್ಕೆ ಗೊತ್ತು. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡವನ್ನು ಹಾಳುಮಾಡುತ್ತವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹಬ್ಬದ ದಿನ ಶ್ಯಾವಿಗೆ ಪಾಯಸದ ತಳವನ್ನು ನಾಯಿಗೆ ಸುರಿಯುವ ಮನೆಗಳು ಎಷ್ಟಿಲ್ಲ! ಆ ತಳದಲ್ಲೇ ತುಪ್ಪದಲ್ಲಿ ಉಬ್ಬಿದ ಒಣದ್ರಾಕ್ಷಿ ಕೂತಿರುತ್ತದೆ. ಮೂತ್ರಪಿಂಡ ಕೆಡಲು ಕಾರಣ ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇರಬೇಕೆಂದು ಪಶುವೈದ್ಯರು ಈಚಿನ ವರ್ಷಗಳಲ್ಲಿ ಶಂಕಿಸಿದ್ದಾರೆ. ಅದೇ ಆಮ್ಲ ಹೇರಳವಾಗಿರುವ ಇನ್ನೊಂದು ವಸ್ತು ನಮ್ಮ ಅಡುಗೆಮನೆಯ ಹುಣಸೆಹಣ್ಣು. ಆದ್ದರಿಂದ ಪುಳಿಯೋಗರೆ, ಗೊಜ್ಜು, ಹುಳಿ ಕಲಸಿದ ಅನ್ನ ನಾಯಿಯ ತಟ್ಟೆಗೆ ಬೇಡ. ಹಳಬರ ನಾಯಿಗಳು ಸಾರನ್ನ ತಿಂದೇ ಬದುಕಲಿಲ್ಲವೇ ಎಂದು ನಮ್ಮತ್ತೆ ಕೇಳುತ್ತಾರೆ. ಬದುಕಿದವು. ಸತ್ತವುಗಳ ಮೂತ್ರಪಿಂಡವನ್ನು ಆಗ ಯಾರು ಪರೀಕ್ಷೆ ಮಾಡಿಸಿದ್ದರು?

ಈರುಳ್ಳಿ, ಬೆಳ್ಳುಳ್ಳಿ ಹಸಿಯಾಗಿರಲಿ ಬೆಂದಿರಲಿ, ರಕ್ತಕಣಗಳನ್ನು ಒಡೆಯುತ್ತವೆ. ಸಕ್ಕರೆ ಹಾಕದ ಚ್ಯೂಯಿಂಗ್ ಗಮ್‌ನಲ್ಲಿರುವ ಕ್ಸೈಲಿಟಾಲ್ ಎಂಬ ಸಿಹಿವಸ್ತು ನಾಯಿಯ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸುತ್ತದೆ. ಬೆಂದ ಮೂಳೆ ಸೀಳಿ ಚೂಪಾಗಿ ಕರುಳಿಗೆ ಚುಚ್ಚುತ್ತದೆ. ಅಂಗಳದ ಕಣಗಿಲೆ ಗಿಡದ ಎಲೆ, ಹೂವು, ಕಡ್ಡಿ ಎಲ್ಲವೂ ಹೃದಯಕ್ಕೆ ವಿಷ. ಜ್ವರವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮುರಿದು ಕೊಡುವ ಧೈರ್ಯ ಯಾವತ್ತೂ ಬೇಡ. ಇಂಥದ್ದೇನಾದರೂ ಹೊಟ್ಟೆಗೆ ಹೋಗಿದ್ದರೆ ಲಕ್ಷಣ ಕಾಣಲಿ ಎಂದು ಕಾಯದೆ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಸಾಹಸಕ್ಕೂ ಹೋಗದೆ, ಏನು, ಎಷ್ಟು, ಎಷ್ಟು ಹೊತ್ತಾಯಿತು ಎಂಬುದನ್ನು ಬರೆದುಕೊಂಡು ಪಶುವೈದ್ಯರಲ್ಲಿಗೆ ಓಡಿ.

ಹಗ್ಗ ಹಿಡಿಯುವುದು

ಉದ್ದಕ್ಕೆ ಬಿಚ್ಚಿಕೊಳ್ಳುವ, ಗುಂಡಿ ಒತ್ತಿದರೆ ಸುತ್ತಿಕೊಳ್ಳುವ ಹಗ್ಗ ನನಗೆ ಸೇರುವುದಿಲ್ಲ. ಐದು ಮೀಟರ್ ಆಚೆ ನಾಯಿ ಸ್ಕೂಟರಿಗೆ ಅಡ್ಡ ಹೋದಾಗ ಗುಂಡಿ ನೆನಪಾಗುವಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ. ಒಂದೂವರೆ ಎರಡು ಮೀಟರಿನ ಗಟ್ಟಿ ನೈಲಾನ್ ಹಗ್ಗ ಸಾಕು. ಎಳೆಯುವ ನಾಯಿಗೆ ಎದೆಪಟ್ಟಿ ಹಾಕಿ, ಕೊರಳ ಮೇಲೆ ಭಾರ ಬೀಳದು. ಪಟ್ಟಿಯ ಅಡಿಯಲ್ಲಿ ಎರಡು ಬೆರಳು ಸರಾಗವಾಗಿ ತೂರಬೇಕು, ಮೂರು ತೂರಿದರೆ ನಾಯಿಯ ತಲೆಯೂ ತೂರುತ್ತದೆ. ಕೊರಳಪಟ್ಟಿಯಲ್ಲಿ ನಿಮ್ಮ ಫೋನ್ ಸಂಖ್ಯೆ ಕೆತ್ತಿಸಿದ ಬಿಲ್ಲೆ ಇರಲಿ.

ಅಭ್ಯಾಸವನ್ನು ಬೀದಿಯಲ್ಲಿ ಶುರು ಮಾಡಬೇಡಿ. ಮೊದಲ ವಾರ ಮನೆಯೊಳಗೆ, ಹಗ್ಗ ಕಟ್ಟಿಕೊಂಡೇ ಊಟ ಮಾಡಲಿ, ಆಡಲಿ. ಎರಡನೇ ವಾರ ಮೆಟ್ಟಿಲು, ಕಾಂಪೌಂಡು. ಹಗ್ಗ ಬಿಗಿಯಾದ ಕೂಡಲೇ ನೀವು ಮರದಂತೆ ನಿಂತುಬಿಡಿ. ಸಡಿಲವಾದಾಗ ಒಂದು ಚೂರು ತಿಂಡಿ, ಮತ್ತೆ ನಡೆ. ಅದಾದ ಮೇಲೆ ಬೀದಿ, ಅದೂ ಬೆಳಗಿನ ಆರಕ್ಕೆ, ಹಾಲಿನ ವ್ಯಾನು ಹೋದ ಮೇಲೆ. ಹೆಸರು ಕರೆದರೆ ತಿರುಗಿ ಬರುವುದು, ಬಾಯಲ್ಲಿರುವುದನ್ನು 'ಬಿಡು' ಎಂದರೆ ಬಿಡುವುದು: ಈ ಎರಡು ಬಂದರೆ ಕೈಕುಲುಕುವ ಕಸರತ್ತೆಲ್ಲ ಇಲ್ಲದಿದ್ದರೂ ನಡೆಯುತ್ತದೆ.

ಮುಧೋಳ ನಾಯಿ ಸಾಕಿದವರು ಒಂದು ಕೈ ಹೆಚ್ಚೇ ಎಚ್ಚರದಲ್ಲಿರಬೇಕು. ಬಾಗಲಕೋಟೆ ಸೀಮೆಯ ಈ ತಳಿ ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಲೆಂದೇ ತಯಾರಾದದ್ದು. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ಆಮೇಲೆ ಸೇನೆಯೂ ಕರೆದೊಯ್ದು ತರಬೇತಿ ಕೊಟ್ಟಿತು. ಅಷ್ಟೆಲ್ಲ ಮರ್ಯಾದೆ ಇದ್ದರೂ ಅಳಿಲೊಂದು ಕಂಡರೆ ನಿಮ್ಮ ಕೂಗು ಅದರ ಕಿವಿಗೆ ಬೀಳುವುದಿಲ್ಲ. ಬೇಲಿ ಇಲ್ಲದ ಜಾಗದಲ್ಲಿ ಹಗ್ಗ ಬಿಚ್ಚಲೇಬೇಡಿ.

ಬೀದಿನಾಯಿಗಳ ಗುಂಪು ಎದುರಾಗುವುದು ದಿನದ ಮಾತು. ತಿರುವಿನಲ್ಲಿ ಅವು ಮಲಗುವ ಜಾಗ ಎಲ್ಲಿ ಎಂಬುದು ನಾಲ್ಕು ದಿನದಲ್ಲಿ ತಿಳಿಯುತ್ತದೆ, ರಸ್ತೆಯ ಆ ಬದಿ ಬಿಟ್ಟು ನಡೆಯಿರಿ. ಬೊಗಳುತ್ತ ಬಂದರೆ ಓಡಬೇಡಿ, ದಿಟ್ಟಿಸಬೇಡಿ. ನಿಮ್ಮ ನಾಯಿಯನ್ನು ನಿಮ್ಮ ಹಿಂದಕ್ಕೆ ಸರಿಸಿ, ಅವುಗಳಿಗೆ ಪೂರ್ತಿ ಬೆನ್ನು ಕೊಡದೆ ನಿಧಾನವಾಗಿ ಅವುಗಳ ಗಡಿ ದಾಟಿ. ಕಾದಾಟವೇ ಬಿದ್ದರೆ ಬರಿಗೈಯನ್ನು ನಡುವೆ ತೂರಿಸಬೇಡಿ, ನೀರೆರಚಿ, ಛತ್ರಿ ಬಿಚ್ಚಿ. ನಾನು ಛತ್ರಿ ಒಯ್ಯುವುದು ಮಳೆಗಿಂತ ಹೆಚ್ಚಾಗಿ ಇದಕ್ಕೇ.

ಬಾಲ ಅಲ್ಲಾಡಿದರೆಲ್ಲ ಪ್ರೀತಿಯೆಂದು ಲೆಕ್ಕ ಹಾಕಬೇಡಿ. ಮೈ ಬಿಗಿಹಿಡಿದು ಬಾಲವನ್ನು ಮೇಲೆತ್ತಿ ಸಣ್ಣಗೆ ಆಡಿಸುತ್ತಿದ್ದರೆ ಅದು ಎಚ್ಚರಿಕೆ. ನಿದ್ದೆಯಿಲ್ಲದೆ ಆಕಳಿಸುವುದು, ತಿಂಡಿಯಿಲ್ಲದೆ ತುಟಿ ನೆಕ್ಕುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇವೆಲ್ಲ 'ನನಗೆ ಇದು ಬೇಡ' ಎನ್ನುವ ಮಾತು. ಪಕ್ಕದ ಮನೆಯ ಮಗು ಅಪ್ಪಿಕೊಳ್ಳಲು ಬಂದಾಗ ಇದನ್ನು ನೋಡಿಯೂ 'ಏನೂ ಮಾಡಲ್ಲ ಬಾ' ಎನ್ನುವವರೇ ಕಚ್ಚಿಸುವವರು.

ಬಿಸಿಲು

ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಏದುಸಿರಿನಲ್ಲೇ ಸೆಕೆ ಕಳೆಯಬೇಕು. ಮಾರ್ಚಿನಿಂದ ಮೇವರೆಗೆ ಬೆಳಗಿನ ಎಂಟರ ಒಳಗೆ, ಸಂಜೆ ಟಾರು ಆರಿದ ಮೇಲೆ ಮಾತ್ರ ಹೊರಡಿ. ಕಲಬುರಗಿ, ರಾಯಚೂರಿನವರಿಗೆ ಎಂಟೂ ತಡವೇ. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಏಳು ಸೆಕೆಂಡು ಇಡಿ, ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವಕ್ಕೆ ಸಾಧಾರಣ ಸೆಕೆಯೇ ಹೆಚ್ಚು.

ನಿಲ್ಲಿಸಿದ ಕಾರಿನಲ್ಲಿ ನಾಯಿ ಬಿಟ್ಟು ಕಾಫಿಗೆ ಇಳಿಯಬೇಡಿ. ಹೊರಗೆ 21 ಡಿಗ್ರಿ ತಂಪಿದ್ದರೂ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 40 ಮುಟ್ಟುತ್ತದೆ, ಕಿಟಕಿಯನ್ನು ಬೆರಳಗಲ ಇಳಿಸಿಟ್ಟರೂ ಅಷ್ಟೇ. ನಾಯಿಯ ಸಹಜ ಮೈಬಿಸಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಅದು 40 ದಾಟಿ, ನಾಲಗೆ ಕಡುಕೆಂಪಾಗಿ, ಜೊಲ್ಲು ಅಂಟಂಟಾಗಿ, ಕಾಲು ತತ್ತರಿಸಿದರೆ ಬಿಸಿಲಾಘಾತ. ಮೊದಲು ತಂಪು, ಆಮೇಲೆ ಆಸ್ಪತ್ರೆ. ನೆರಳಿಗೆ ಎಳೆದು ನಲ್ಲಿ ನೀರನ್ನು ಹೊಟ್ಟೆ, ಕಂಕುಳು, ತೊಡೆಸಂದಿಗೆ ಸುರಿಯುತ್ತ ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಬಿಸಿ ಒಳಗೇ ಉಳಿಯುತ್ತದೆ. ಹಾಗೇ ನೀರು ಸುರಿಯುತ್ತ, ಎಸಿ ಹಾಕಿಕೊಂಡು ವೈದ್ಯರ ಕಡೆ ಹೊರಡಿ.

ಎಲ್ಲಿಗೆ, ಹೇಗೆ

ಬೆಂಗಳೂರಿನಲ್ಲಿ ಮೊದಲ ಸುತ್ತಾಟಕ್ಕೆ ಕಬ್ಬನ್ ಪಾರ್ಕ್ ಒಳ್ಳೆಯದು. ಭಾನುವಾರ ಬೆಳಗ್ಗೆ ವಾಹನಗಳಿಲ್ಲ, ಹಗ್ಗ ಹಿಡಿದ ನಾಯಿಗೆ ಅಡ್ಡಿಯಿಲ್ಲ. 2022ರಲ್ಲಿ ಸಾಕುನಾಯಿಗಳನ್ನೇ ನಿಷೇಧಿಸುವ ಮಾತೆದ್ದು, ಸಾಕಿದವರು ಗಲಾಟೆ ಮಾಡಿದ ಮೇಲೆ ತಣ್ಣಗಾಯಿತು. ಆಗ ಎದ್ದ ದೂರುಗಳಾದರೂ ಏನು? ಹಗ್ಗ ಬಿಚ್ಚಿ ಬಿಡುತ್ತಾರೆ, ಮಲ ಎತ್ತುವುದಿಲ್ಲ ಎಂದು. ಎರಡೂ ನಿಜ. ಹಳೇ ಪೇಪರಿನ ತುಂಡು, ಒಂದು ಚೀಲ ಜೇಬಿನಲ್ಲಿದ್ದರೆ ಮುಗಿಯುವ ಕೆಲಸಕ್ಕೆ ಪಾರ್ಕನ್ನೇ ಕಳೆದುಕೊಳ್ಳುವುದರಲ್ಲಿದ್ದೆವು. ಲಾಲ್‌ಬಾಗಿಗೆ ನಾಯಿ ಒಯ್ಯುವಂತಿಲ್ಲ. ಕಬ್ಬನ್ ಪಾರ್ಕಿಗೆ ಮೊದಲ ಸಲ ಹೋದಾಗ ಅರ್ಧ ಗಂಟೆ ಸಾಕು, ಗುಂಪಿನಿಂದ ದೂರ ಕೂತು ನೋಡುವುದೇ ಅದಕ್ಕೆ ಅಂದಿನ ಪಾಠ. ಹೆಣ್ಣುನಾಯಿ ಬೆದೆಯಲ್ಲಿದ್ದರೆ ಸುಮಾರು ಮೂರು ವಾರ ಇಂಥ ಕಡೆ ಬೇಡವೇ ಬೇಡ.

ಬಂಡೀಪುರ, ನಾಗರಹೊಳೆ, ಕುದುರೆಮುಖ, ಪುಷ್ಪಗಿರಿಯಂಥ ರಕ್ಷಿತ ಕಾಡುಗಳನ್ನು ಪಟ್ಟಿಯಿಂದ ಹೊಡೆದುಹಾಕಿ. ನಿಯಮ ಒಂದು ಕಡೆಗಿರಲಿ, ನಾಯಿಗಳಿಗೆ ಬರುವ ಡಿಸ್ಟೆಂಪರ್ ವೈರಸ್ಸೇ 2018ರಲ್ಲಿ ಗಿರ್‌ನ ಸಿಂಹಗಳನ್ನು ಕೊಂದದ್ದು. ಕಾಡಿಗೆ ನಮ್ಮ ನಾಯಿಯೂ ಅಪಾಯ, ನಮ್ಮ ನಾಯಿಗೆ ಕಾಡಿನ ಚಿರತೆಯೂ ಅಪಾಯ.

ಕಾರಿಲ್ಲದವರು ಸೋಲಬೇಕಿಲ್ಲ. ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ 2022ರಿಂದ ನಾಯಿಗೆ ಅರ್ಧ ಟಿಕೆಟ್. ರಾಜಹಂಸ, ಎಸಿ ಬಸ್ಸುಗಳಿಗೆ ಹತ್ತಿಸುವುದಿಲ್ಲ. ರೈಲಿನಲ್ಲಿ ಜೊತೆಗೇ ಕೂರಿಸಿಕೊಳ್ಳಬೇಕೆಂದರೆ ಫಸ್ಟ್ ಕ್ಲಾಸ್ ಎಸಿಯ ಎರಡು ಅಥವಾ ನಾಲ್ಕು ಬರ್ತಿನ ಇಡೀ ಕೋಣೆ ನಿಮ್ಮದೇ ಆಗಿರಬೇಕು, ಪಾರ್ಸೆಲ್ ಕಚೇರಿಯಲ್ಲಿ ಲಸಿಕೆ ಪುಸ್ತಕ ತೋರಿಸಿ ಬುಕ್ ಮಾಡಬೇಕು. ಇಲ್ಲವಾದರೆ ಗಾರ್ಡ್ ಇರುವ ಬ್ರೇಕ್ ವ್ಯಾನಿನ ನಾಯಿಪೆಟ್ಟಿಗೆ. ಆ ಸದ್ದು, ಆ ಕತ್ತಲೆಗೆ ನಾನಂತೂ ಜೀರಿಗೆಯನ್ನು ಕಳಿಸಲಾರೆ.

ಕಾರಿನಲ್ಲಿ ಹೊರಡುವ ದಿನ ಮೂರ್ನಾಲ್ಕು ಗಂಟೆ ಮುಂಚೆಯೇ ಊಟ ಮುಗಿದಿರಲಿ. ಹಿಂದಿನ ಸೀಟಿನಲ್ಲಿ ಎದೆಪಟ್ಟಿಗೆ ಬೆಲ್ಟ್ ಕಟ್ಟಿ ಕೂರಿಸಿ. ಕಿಟಕಿಯಿಂದ ತಲೆ ಹೊರಹಾಕಿದ ನಾಯಿ ಫೋಟೊದಲ್ಲಿ ಚಂದ, ಕಣ್ಣಿಗೆ ಧೂಳು ಹೊಡೆದಾಗ ಅಲ್ಲ. ಎರಡು ಗಂಟೆಗೊಮ್ಮೆ ಇಳಿಸಿ, ಆದರೆ ಬಾಗಿಲು ತೆಗೆಯುವ ಮುನ್ನವೇ ಹಗ್ಗ ಕೈಯಲ್ಲಿರಲಿ. ಹೈವೇ ಡಾಬಾಗಳ ಪಕ್ಕ ಬೆದರಿ ಓಡಿಹೋಗುವ ನಾಯಿಗಳು ಆ ಒಂದು ಕ್ಷಣದಲ್ಲೇ ಹೋಗುವುದು.

ಮಲೆನಾಡಿನ ಕಡೆಗೆ

ಹೋಂಸ್ಟೇಗೆ ಫೋನ್ ಮಾಡಿ 'ನಾಯಿ ತರಬಹುದೇ' ಎಂದಷ್ಟೇ ಕೇಳಿದರೆ 'ತನ್ನಿ ತನ್ನಿ' ಎನ್ನುತ್ತಾರೆ. ಕೇಳಬೇಕಾದ್ದು ಬೇರೆ. ನಿಮ್ಮಲ್ಲಿ ನಾಯಿ ಇವೆಯೇ, ಕಟ್ಟಿರುತ್ತೀರಾ ಬಿಟ್ಟಿರುತ್ತೀರಾ? ತೋಟಕ್ಕೆ ಔಷಧಿ ಹೊಡೆದು ಎಷ್ಟು ದಿನವಾಯಿತು? ರಾತ್ರಿ ಕೋಣೆಯೊಳಗೆ ಮಲಗಿಸಿಕೊಳ್ಳಬಹುದೇ? ಈ ಕೊನೆಯದಕ್ಕೆ 'ಹೊರಗೆ ಶೆಡ್ಡಿದೆ' ಎಂಬ ಉತ್ತರ ಬಂದರೆ ಬೇರೆ ಜಾಗ ಹುಡುಕಿ. ಚಿರತೆ ಅಂಗಳದಿಂದ ಎತ್ತಿಕೊಂಡು ಹೋಗುವುದು ಆ ಊರುಗಳಲ್ಲಿ ಸುದ್ದಿಯೂ ಅಲ್ಲ. ಹತ್ತಿರದ ಪಶು ಆಸ್ಪತ್ರೆ ಎಲ್ಲಿ, ಹಾವಿನ ವಿಷಕ್ಕೆ ಔಷಧಿ ಎಲ್ಲಿ ಸಿಗುತ್ತದೆ ಎಂಬುದನ್ನೂ ಹೊರಡುವ ಮುಂಚೆಯೇ ಕೇಳಿಟ್ಟುಕೊಳ್ಳಿ.

ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ, ಬೆರಳ ಸಂದಿಗೆ, ಮೂಗಿನ ಹೊಳ್ಳೆಗೆ ಹತ್ತುತ್ತದೆ. ಕಾಲಿನದಕ್ಕೆ ಉಪ್ಪುನೀರು ಸಾಕು, ಮೂಗಿನೊಳಗಿನದನ್ನು ಕೆದಕದೆ ವೈದ್ಯರಿಗೆ ತೋರಿಸಿ. ಡಿಸೆಂಬರಿನಿಂದ ಮೇವರೆಗೆ ಇಂಬಳ ಇಲ್ಲ, ಉಣ್ಣಿ ಉಂಟು. ಅಲ್ಲಿನವರ ಬಾಯಲ್ಲಿ ಅದು ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. ನಾಯಿಯ ಮೈಮೇಲೆ ಸವಾರಿ ಮಾಡಿ ಅದು ನಿಮ್ಮ ಹಾಸಿಗೆಯವರೆಗೂ ಬರಬಹುದು. ಮಂಗ ಸತ್ತ ಸುದ್ದಿಯಿರುವ ಕಾಡಿನ ತರಗೆಲೆಯ ಮೇಲೆ ನಡೆಯಬೇಡಿ. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಜನರಿಗೆ ಹಂಚುವ ಎಣ್ಣೆಯನ್ನು ನಾಯಿಗೆ ಬಳಿಯಬೇಡಿ, ನೆಕ್ಕಿಬಿಡುತ್ತದೆ.

ನಾಯಿ ಸಂಜೆ ನೆಲಗಪ್ಪೆ ಕಚ್ಚಿ ಬಾಯಲ್ಲಿ ನೊರೆ ಸುರಿಸಿದರೆ, ತಲೆಯನ್ನು ಕೆಳಮುಖ ಮಾಡಿ ಬಾಯಿಯ ಪಕ್ಕದಿಂದ ಹೊರಕ್ಕೆ ಹರಿಯುವಂತೆ ನೀರು ಹಾಯಿಸಿ ತೊಳೆಯಿರಿ. ಹಾವು ಕಚ್ಚಿದ್ದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಬೇಡ. ನಡೆಸದೆ ಎತ್ತಿಕೊಂಡು ಹೋಗಿ, ಮನುಷ್ಯರಿಗೆ ಕೊಡುವ ಪ್ರತಿವಿಷವೇ ನಾಯಿಗೂ ಕೆಲಸ ಮಾಡುತ್ತದೆ.

ನಿಮಗೇ ಯಾವುದಾದರೂ ನಾಯಿ ಕಚ್ಚಿದರೆ, ಪರಚಿದರೂ ಸರಿ, ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ಗಡಿಯಾರ ನೋಡಿ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ, ಚರ್ಮದ ಪದರಕ್ಕೆ ಕೊಡುವ ಲಸಿಕೆಯಾದರೆ 0 (ಮೊದಲ ಚುಚ್ಚಿನ ದಿನ), 3, 7, 28ನೇ ದಿನಗಳಲ್ಲಿ ಪೂರ್ತಿ ಮುಗಿಸಿ. ಗಾಯದಲ್ಲಿ ರಕ್ತ ಬಂದಿದ್ದರೆ ಅದರ ಜೊತೆ ಇಮ್ಯುನೊಗ್ಲೋಬ್ಯುಲಿನ್ (ಗಾಯದೊಳಗೆ ಚುಚ್ಚುವ ಸಿದ್ಧ ಪ್ರತಿಕಾಯ) ಕೂಡ ಬೇಕು, ಕೇಳಿ ಹಾಕಿಸಿಕೊಳ್ಳಿ. ರೇಬಿಸ್ ಲಕ್ಷಣ ಕಂಡ ಮೇಲೆ ಔಷಧಿಯಿಲ್ಲ. ನಿಮ್ಮ ನಾಯಿಗೆ ಬೇರೆ ನಾಯಿ ಕಚ್ಚಿದ್ದರೆ ನಿಮ್ಮದರ ಲಸಿಕೆ ಚಾಲ್ತಿಯಲ್ಲಿದ್ದರೂ ಗಾಯ ತೊಳೆದು ವೈದ್ಯರಿಗೆ ತೋರಿಸಿ.

ಮನೆಗೆ ಬಂದ ರಾತ್ರಿ ಎಷ್ಟೇ ಸುಸ್ತಾಗಿರಲಿ, ಚೀಲ ಬಿಚ್ಚುವ ಮುನ್ನ ನಾಯಿಯನ್ನು ಬಚ್ಚಲಿಗೆ ಕರೆದೊಯ್ದು ದೀಪದ ಬೆಳಕಿನಲ್ಲಿ ಇಡೀ ಮೈ ಬಾಚಿ. ಹಗ್ಗ, ಪಟ್ಟಿ, ಹಾಸಿದ ಬಟ್ಟೆ ಬಿಸಿನೀರಿಗೆ. ಅಲ್ಲಿಂದ ಹತ್ತು ದಿನ ಸಂಜೆಯ ಐದು ನಿಮಿಷವನ್ನು ಹತ್ತು ನಿಮಿಷ ಮಾಡಿ. ಕಳೆದ ಬಾರಿ ಸಕಲೇಶಪುರದಿಂದ ಬಂದಾಗ ಜೀರಿಗೆಯ ಮೈ ಎರಡು ಸಲ ಬಾಚಿಯೂ ಏನೂ ಸಿಕ್ಕಿರಲಿಲ್ಲ. ಮೂರನೇ ಸಂಜೆ ಬಾಲದ ಬುಡದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣದೊಂದು ಬೆರಳಿಗೆ ತೊಡರಿತು, ಇನ್ನೂ ಊದಿರಲಿಲ್ಲ. ಶೀಶೆಗೆ ಹಾಕಿ, ಮುಚ್ಚಳದ ಮೇಲೆ ತಾರೀಖು ಬರೆದಿಟ್ಟೆ. ಅವಳು ಅಷ್ಟರಲ್ಲಾಗಲೇ ಮಗ್ಗುಲು ಹೊರಳಿಸಿ, ಇನ್ನೊಂದು ಬದಿಯನ್ನೂ ಕೆರೆದುಬಿಡು ಎಂದು ಕಾಲೆತ್ತಿದ್ದಳು.